ಆಯುಷ್ಯ ಜಾಸ್ತಿ ಆಯ್ತು, ಅಡಿಕೆ ಮರ ಹತ್ತುವವರೇ ಇಲ್ಲ

ನೀವು ಕೇಳಿದ್ರಲ್ಲ, ಕೇರಳದಲ್ಲಿ ಆರೋಗ್ಯ ಅಷ್ಟು ಒಳ್ಳೇದುಂಟು, ಮಕ್ಕಳೂ ಕಮ್ಮಿ, ಹಾಗಾದ್ರೆ ಕರ್ನಾಟಕದ ಗಡಿಗೆ ತಾಗಿದ ನಮ್ಮ ಕಾಸರಗೋಡು ಜಿಲ್ಲೆ ಆದಾಯದಲ್ಲಿ ಯಾಕೆ ಇನ್ನೂ ಹಿಂದೆ ಅಂತ. ಲೆಕ್ಕದಲ್ಲಿ ನಿಮ್ಮ ಮಾತು ಸರಿ. ಒಂದು ಹೆಂಗಸಿಗೆ ಸರಾಸರಿ ಎರಡೇ ಮಕ್ಕಳು ಅನ್ನುವ ಮಟ್ಟಕ್ಕೆ ಕೇರಳ 1980ರ ದಶಕದ ಕೊನೆಗೇ ಬಂದಾಗಿತ್ತು, 2011ರ ಜನಗಣತಿಯಲ್ಲಿ 60 ದಾಟಿದವರು ಕೇರಳದಲ್ಲಿ ನೂರಕ್ಕೆ 12.6, ಇಡೀ ದೇಶದಲ್ಲಿ 8.6. ಮಕ್ಕಳು ಕಮ್ಮಿಯಾದ್ರೆ ಉಣ್ಣುವ ಬಾಯಿ ಕಮ್ಮಿ, ದುಡಿಯುವ ಕೈ ಜಾಸ್ತಿ, ನಾಲ್ಕು ಕಾಸು ಉಳೀತದೆ, ಉಳಿದದ್ದರಲ್ಲಿ ಮಕ್ಕಳನ್ನು ಚೆನ್ನಾಗಿ ಓದಿಸ್ಬಹುದು, ಅದೆಲ್ಲ ಇಲ್ಲೂ ಆಯ್ತು ಮಾರಾಯ್ರೆ, ಆದ್ರೆ ಓದಿದ ಕೈ ಇಲ್ಲಿ ನಿಲ್ಲಲಿಲ್ಲ. ಒಬ್ಬ ದುಬೈ, ಒಬ್ಬಳು ಬೆಂಗಳೂರು.

ಮಳೆಗಾಲದಲ್ಲಿ ಬಂದ್ರೆ ನಿಮಗೇ ಗೊತ್ತಾಗ್ತದೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡ್ಬೇಕು, ಮೈಲುತುತ್ತು ಸುಣ್ಣ ಕಲಸಿ ಮಾಡುವ ಬೋರ್ಡೋ, ಅದಕ್ಕೆ ಮಳೆ ಎರಡು ದಿನ ಬಿಡುವು ಕೊಡ್ಬೇಕು, ಆ ಎರಡು ದಿನದಲ್ಲೇ ಎಲ್ಲ ತೋಟದವರಿಗೂ ಜನ ಬೇಕು. ಮರ ಹತ್ಲಿಕ್ಕೆ ನಮ್ಮಲ್ಲಿಗೆ ಬರ್ತಿದ್ದ ಅಜ್ಜನಿಗೆ ಈಗ ಅರುವತ್ತೈದು, ಕಾಲಿಗೆ ತಳೆ ಹಾಕಿ ಒಂದು ಮರದಿಂದ ಇನ್ನೊಂದಕ್ಕೆ ಹಾರ್ತಿದ್ದ ಜನ, ಈಗ ಜಗಲಿಯಲ್ಲಿ ಕೂತು ಬಿ.ಪಿ. ಮಾತ್ರೆ ಲೆಕ್ಕ ಮಾಡ್ತಾರೆ. ಮಗ ಗಲ್ಫಲ್ಲಿ. ಹೋದ ವರ್ಷದಿಂದ ಅಸ್ಸಾಂನ ಇಬ್ಬರು ಹುಡುಗರು ಬರ್ತಾರೆ, ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ, ಹಿಡಿದು ಕೆಳಗೆ ನಿಂತೇ ಮದ್ದು ಬಿಡ್ತಾರೆ. ಅಜ್ಜನಿಗೆ ಅದು ಕೆಲಸವೇ ಅಲ್ಲ, "ಗೊನೆಯ ಹಿಂದೆ ಬೀಳೂದಿಲ್ಲ ಅದು" ಅಂತ ಜಗಲಿಯಿಂದಲೇ ಬೊಬ್ಬೆ ಹಾಕ್ತಾರೆ, ಹುಡುಗರಿಗೆ ಅರ್ಥ ಆಗೂದಿಲ್ಲ, ಅದೂ ಒಳ್ಳೇದೇ.

ಗಲ್ಫಿನ ದುಡ್ಡು ಬರ್ತದಲ್ಲ ಅಂತೀರಿ. ಬರ್ತದೆ. ಅದರಲ್ಲಿ ದೊಡ್ಡ ಮನೆ ಏಳ್ತದೆ, ಒಳಗೆ ಇಬ್ಬರು ಮುದುಕರು, ಕೆಳಗಿನ ಒಂದು ಕೋಣೆ ಬಿಟ್ಟು ಬಾಕಿ ಎಲ್ಲ ಬೀಗ. ಉಳಿದದ್ದು ಔಷಧಿಗೆ. ಫ್ಯಾಕ್ಟರಿ ಆಗ್ಲಿಲ್ಲ ಅದು.

ಇನ್ನು ಆರೋಗ್ಯ. ಕೇರಳದ ಸರಾಸರಿ ಹಿಡ್ಕೊಂಡು ನಮ್ಮ ಜಿಲ್ಲೆಯದ್ದೇ ಎಣ್ಮಕಜೆ ಗ್ರಾಮದ ಕಡೆಗೆ ಹೋಗ್ಬೇಡಿ. ಸರಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್ ಗೇರು ತೋಟಕ್ಕೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟಿತು, ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ನಿಷೇಧಿಸಿದ್ದು 2011ರಲ್ಲಿ, ಪೀಡಿತರಿಗೆ 5 ಲಕ್ಷ ಕೊಡಿ ಅಂದದ್ದು 2017ರಲ್ಲಿ. ನನಗೆ ಗೊತ್ತಿರುವ ಒಂದು ಮನೆ ಹೇಳ್ತೇನೆ. ಮಗನಿಗೆ ಇಪ್ಪತ್ತೆರಡು, ನಡೆಯೂದಿಲ್ಲ, ಮಾತಿಲ್ಲ. ಅಮ್ಮ ಮೊದಲು ಗೇರುಬೀಜ ಫ್ಯಾಕ್ಟರಿಗೆ ಹೋಗ್ತಿದ್ದವರು, ಈಗ ಅವನ ಚಾಪೆಯ ಪಕ್ಕ ಸೂಪು (ಬೀಡಿ ಕಟ್ಟುವ ಮೊರ) ಇಟ್ಟು ಬೀಡಿ ಕಟ್ತಾರೆ, ಎಲೆ ಕತ್ತರಿಸುವಾಗ ಅವ ಕೂಗಿದ್ರೆ ಸೂಪು ಬದಿಗಿಟ್ಟು ಏಳ್ಬೇಕು, ದಿನಕ್ಕೆ ಐನೂರು ಬೀಡಿಯೂ ಆಗೂದಿಲ್ಲ. ತಂಗಿ ಪ್ಲಸ್ ಟೂ ಆದ ಮೇಲೆ ಮನೆಯಲ್ಲೇ. ಕಾಯಿಲೆ ಒಬ್ಬನಿಗೆ, ದುಡಿಮೆ ನಿಂತದ್ದು ಮೂರು ಜನರದ್ದು. ಜಿಲ್ಲೆಯ ಆದಾಯದ ಪಟ್ಟಿಯಲ್ಲಿ ಇದನ್ನು ಯಾವ ಕಾಲಮಿಗೆ ಹಾಕೂದು ಹೇಳಿ.

ದೊಡ್ಡ ಕಾಯಿಲೆ ಆದ್ರೆ ನಮಗೆ ಮಂಗಳೂರು, ಇಲ್ಲದಿದ್ರೆ ಅದರ ಹತ್ತಿರದ ದೇರ್ಲಕಟ್ಟೆ, ಎರಡೂ ಕರ್ನಾಟಕದಲ್ಲಿ. ರಾಜಧಾನಿ ತಿರುವನಂತಪುರ ಒಂದು ರಾತ್ರಿಯ ರೈಲು. ರೋಗಿಯ ಜೊತೆ ಒಬ್ಬರು ಹೋಗ್ಲೇಬೇಕು, ಇಬ್ಬರ ದಿನದ ಸಂಬಳ ಹೋಯ್ತು, ಮೇಲೆ ಬಿಲ್ಲು, ಆ ದುಡ್ಡೂ ಗಡಿ ಆಚೆಗೇ. 2020ರ ಮಾರ್ಚಲ್ಲಿ ಕರ್ನಾಟಕ ರಸ್ತೆಗೆ ಮಣ್ಣು ಹಾಕಿ ಗಡಿ ಮುಚ್ಚಿತಲ್ಲ, ಆಗ ಸಮಯಕ್ಕೆ ಆಸ್ಪತ್ರೆ ಮುಟ್ಟದೆ ತೀರಿಕೊಂಡವರಿದ್ದಾರೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ, ಅಲ್ಲಿ ಮೊದಲು ಬೆಡ್ ಹಾಕಿದ್ದು ಆ ಕೊರೋನಾ ಸಮಯದಲ್ಲೇ, ಅದೂ ಕೋವಿಡ್ ಆಸ್ಪತ್ರೆ ಅಂತ. ಭಾಷೆ ವಿಷಯ ಎತ್ತಿದ್ರೆ ಎಲ್ಲರೂ ಗಡಿನಾಡು ಅಂತಾರೆ, ಹೊಟ್ಟೆನೋವು ಬಂದಾಗ ಮಾತ್ರ ನಮಗೆ ನಿಜವಾಗಿ ಗಡಿ ಕಾಣೂದು.

ಮಕ್ಕಳು ಕಮ್ಮಿ ಆದದ್ದರ ಇನ್ನೊಂದು ಮುಖ ನಮ್ಮ ಕನ್ನಡ ಶಾಲೆ. ಜೂನಲ್ಲಿ ಶಾಲೆ ಶುರುವಾಗಿ ಆರನೇ ವರ್ಕಿಂಗ್ ಡೇಗೆ ತಲೆ ಎಣಿಸ್ತಾರೆ, ಮಕ್ಕಳು ಸಾಲದಿದ್ರೆ ಡಿವಿಷನ್ ಫಾಲ್, ಅಂದ್ರೆ ಆ ವಿಭಾಗವೇ ರದ್ದು, ಟೀಚರ ಪೋಸ್ಟ್ ಹೋಯ್ತು. ಕನ್ನಡದವರ ಮನೆಯಲ್ಲಿ ಇರುವ ಒಂದೋ ಎರಡೋ ಮಕ್ಕಳಲ್ಲಿ ಅರ್ಧ ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತಿಯಾಗಿದೆ, ಹಾಗಾಗಿ ನಮ್ಮ ಮೇಷ್ಟ್ರು ಮೇ ತಿಂಗಳಿಡೀ ಮನೆಮನೆ ಸುತ್ತೂದು, ಮೊದಲು ಓಟು ಕೇಳುವವರು ಬರ್ತಿದ್ದ ಹಾಗೆ. ಈ ಸಲ ಒಂದನೇ ಕ್ಲಾಸಿಗೆ ಒಂದು ಹುಡುಗಿ ಕಮ್ಮಿ ಬಿದ್ದಿತ್ತು. ಮದ್ದು ಬಿಡ್ಲಿಕ್ಕೆ ಬರುವ ಆ ಅಸ್ಸಾಂ ಹುಡುಗರಲ್ಲಿ ಒಬ್ಬನ ಅಣ್ಣ ಸಂಸಾರ ಸಮೇತ ಇಲ್ಲೇ ಲೈನ್ ಮನೆಯಲ್ಲಿದ್ದಾನೆ, ಅವನ ಮಗಳನ್ನು ಸೇರಿಸಿದ್ರು. ಹಾಜರಿ ಕರೆದಾಗ "ಇದ್ದೇನೆ ಟೀಚರ್" ಅಂತಾಳೆ, ಸ್ಪಷ್ಟ ಕನ್ನಡದಲ್ಲಿ.