ಹೊಸ ಮಂಗಳೂರು ಬಂದರಿನಿಂದ ಖಾಸಗಿ ಕಾರಿನಲ್ಲಿ ಬೇಕಲಕ್ಕೆ: ಒಂದು ಹಗಲಿನ ಲೆಕ್ಕ

ದುಬೈಯಿಂದ ಸಿಂಗಾಪುರಕ್ಕೆ ಹೋಗುವ ನಿಮ್ಮ ಕ್ರೂಸ್ ಹಡಗು ಜನವರಿಯ ಒಂದು ದಿನ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಹೊಸ ಮಂಗಳೂರು ಬಂದರಿನಲ್ಲಿ ನಿಲ್ಲುತ್ತದೆ. ಹಡಗಿನವರ ಬಸ್ ಪ್ರವಾಸವನ್ನು ಬಿಟ್ಟು, ನೀವಿಬ್ಬರೂ ಎಪ್ಪತ್ತು ದಾಟಿದ ನಿಮ್ಮ ತಾಯಿಯವರೂ ಖಾಸಗಿ ಕಾರೊಂದನ್ನು ಗೊತ್ತುಮಾಡಿಕೊಂಡು ಕೇರಳದ ಕಾಸರಗೋಡು ಜಿಲ್ಲೆಯ ಅನಂತಪುರ ಮತ್ತು ಮಧೂರು ದೇವಸ್ಥಾನಗಳು, ಬೇಕಲ ಕೋಟೆ ಈ ಮೂರನ್ನೂ ನೋಡಿಕೊಂಡು ಸುರಕ್ಷಿತವಾಗಿ ಹಡಗಿಗೆ ಮರಳಬಹುದೇ, ಕಾರಿನವರಿಗೆ ಮುಂಗಡ ಕೊಡಬೇಕೇ ಎಂದು ಕೇಳಿದ್ದೀರಿ. ನಾನು ಕುಂಬಳೆಯ ಸಮೀಪದವನು. ಹೀಗೆ ಹಡಗಿನಿಂದ ಇಳಿದು ಬಂದ ಬಂಧುಗಳನ್ನೂ ಅವರ ಸ್ನೇಹಿತರನ್ನೂ ಬಂದರಿನ ಬಾಗಿಲಿನಿಂದ ಕರೆದುಕೊಂಡು ಬಂದು ಊರು ತೋರಿಸಿ ಮರಳಿ ಬಿಟ್ಟ ಅನುಭವದಿಂದ ಹೇಳುತ್ತಿದ್ದೇನೆ. ಖಾಸಗಿಯಾಗಿ ಧಾರಾಳವಾಗಿ ಹೋಗಬಹುದು, ನಿಮ್ಮಂಥವರಿಗೆ ಅದೇ ಒಳ್ಳೆಯದು ಕೂಡ; ಆದರೆ ಆ ಮೂರೂ ಸ್ಥಳಗಳು ಒಂದೇ ಹಗಲಿನಲ್ಲಿ ಆಗುವುದಿಲ್ಲ. ಒಂದೋ ಕೋಟೆ, ಇಲ್ಲವೇ ದೇವಸ್ಥಾನಗಳು.

ಮೊದಲು ಹಡಗಿನ ಪ್ರವಾಸಕ್ಕೂ ಖಾಸಗಿ ಪ್ರವಾಸಕ್ಕೂ ಇರುವ ನಿಜವಾದ ವ್ಯತ್ಯಾಸವನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ಹಣದ ವ್ಯತ್ಯಾಸ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಡಗಿನವರೇ ಏರ್ಪಡಿಸಿದ ಬಸ್ಸು ದಾರಿಯಲ್ಲಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಹೊರುತ್ತದೆ. ನಿಮ್ಮ ಸ್ವಂತ ಕಾರು ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ನೀವೇ ಹೋಗಿ ಸೇರಬೇಕು. ಮುಂದಿನ ನಿಲುಗಡೆ ಕೊಚ್ಚಿಯಾಗಿದ್ದರೆ ರಾತ್ರಿಯ ರೈಲು ಹಿಡಿದು ಹೇಗೋ ಸೇರಿಕೊಳ್ಳಬಹುದು. ಕೊಲಂಬೊ ಆಗಿದ್ದರೆ ವಿಮಾನ, ಪ್ರವೇಶಾನುಮತಿ ಎಂದು ತಾಪತ್ರಯ ಬೆಳೆಯುತ್ತದೆ. ನಿಮ್ಮ ಪಾಸ್‌ಪೋರ್ಟು ಆ ಹೊತ್ತಿಗೆ ಹಡಗಿನವರ ಬಳಿಯೇ ಇದ್ದರಂತೂ ಕೇಳುವುದೇ ಬೇಡ. ಆದ್ದರಿಂದ ದಿನದ ಯೋಜನೆಯನ್ನು ಹಾಕುವಾಗ ಏನೇನು ನೋಡಬಹುದು ಎಂಬಲ್ಲಿಂದ ಆರಂಭಿಸದೆ, ಎಷ್ಟು ಹೊತ್ತಿಗೆ ಬಂದರಿರುವ ಪಣಂಬೂರಿನ ಬಾಗಿಲಲ್ಲಿರಬೇಕು ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

ಹಡಗು ಆರಕ್ಕೆ ಹೊರಡುತ್ತದೆ ಎಂದರೆ ಐದೂವರೆಗೆ, ಕೆಲವೊಮ್ಮೆ ಐದಕ್ಕೇ, ಎಲ್ಲರೂ ಹತ್ತಿರಬೇಕು. ಆ ಸಮಯವನ್ನು ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿ ಪತ್ರದಲ್ಲಿ ಮುದ್ರಿಸಿರುತ್ತಾರೆ. ಅದು ಹಡಗಿನ ಸಮಯವೋ ಊರಿನ ಸಮಯವೋ ಎಂಬುದನ್ನು ಅಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ದುಬೈಗಿಂತ ಭಾರತದ ಗಡಿಯಾರ ಒಂದೂವರೆ ಗಂಟೆ ಮುಂದಿದೆ, ಸಿಂಗಾಪುರದ್ದು ನಮಗಿಂತ ಎರಡೂವರೆ ಗಂಟೆ ಮುಂದಿದೆ. ಈ ಅರ್ಧ ಗಂಟೆಯ ಹೆಚ್ಚುಕಡಿಮೆಯನ್ನು ಹಡಗುಗಳು ಯಾವ ರಾತ್ರಿ ಸರಿಪಡಿಸಿಕೊಳ್ಳುತ್ತವೆ ಎಂಬುದು ಅವುಗಳ ಇಷ್ಟ. ಕಿಸೆಯಲ್ಲಿರುವ ಮೊಬೈಲು ತಾನಾಗಿ ಊರಿನ ಸಮಯಕ್ಕೆ ಹೊರಳುತ್ತದೆ, ಹಡಗಿನ ಗೋಡೆಯ ಗಡಿಯಾರ ಹೊರಳದೆಯೂ ಇರಬಹುದು.

ಬೆಳಗಿನ ತುದಿಯಲ್ಲಿಯೂ ಹೊತ್ತು ಸೋರುತ್ತದೆ. ಎಂಟಕ್ಕೆ ಹಡಗು ಕಟ್ಟಿದರೂ ಅಧಿಕಾರಿಗಳ ಒಪ್ಪಿಗೆ, ಹಡಗಿನ ಬಸ್ಸುಗಳ ಸರದಿ ಎಂದು ನೀವು ಹೊರಬರುವಾಗ ಒಂಬತ್ತಾದರೆ ಬೇಗ ಬಂದಿರಿ ಎನ್ನಬೇಕು. ನಿಮ್ಮ ಹಡಗಿಗೆ ಭಾರತದ ಮೊದಲ ಬಂದರು ಮುಂಬಯಿಯೋ ಗೋವೆಯೋ ಆಗಿದ್ದರೆ ವಲಸೆ ತಪಾಸಣೆಯ ದೊಡ್ಡ ಭಾಗ ಅಲ್ಲಿಯೇ ಮುಗಿದಿರುತ್ತದೆ. ಮಂಗಳೂರೇ ಮೊದಲನೆಯದಾದರೆ ಇನ್ನೊಂದು ಗಂಟೆಯನ್ನು ಅದಕ್ಕೆಂದೇ ಬಿಟ್ಟುಬಿಡಿ. ಇ-ವೀಸಾದಲ್ಲಿ ಬರುವ ವಿದೇಶಿಯರು ಒಳಬರಬಹುದಾದ ಬಂದರುಗಳಲ್ಲಿ ಮಂಗಳೂರೂ ಒಂದು. ಬಂದರು ಭದ್ರತಾ ವಲಯವಾದುದರಿಂದ ಒಳಗೆ ನಡೆದಾಡುವಂತಿಲ್ಲ, ಹೊರಗಿನ ಕಾರು ಒಳಗೆ ಬರಲು ಅನುಮತಿ ಚೀಟಿ ಬೇಕು. ಚಾಲಕನು ಒಳಗೆ ಬರುತ್ತಾನೋ ಬಾಗಿಲ ಹೊರಗೆ ನಿಲ್ಲುತ್ತಾನೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಬೆಳಗಿನ ಅರ್ಧ ಗಂಟೆ ಒಬ್ಬರನ್ನೊಬ್ಬರು ಹುಡುಕುವುದರಲ್ಲಿಯೇ ಹೋಗುತ್ತದೆ.

ಹಾಗಾಗಿ ನಿಮ್ಮ ಕೈಗೆ ಸಿಗುವುದು ಒಂಬತ್ತೂವರೆಯಿಂದ ನಾಲ್ಕೂವರೆ, ಅಂದರೆ ಏಳು ಗಂಟೆ. ಪಣಂಬೂರಿನಿಂದ ಬೇಕಲಕ್ಕೆ ಸುಮಾರು 75 ಕಿಲೋಮೀಟರು, ಅನಂತಪುರಕ್ಕೆ 50ರ ಆಸುಪಾಸು. ದೂರ ನೋಡಿದರೆ ಇದು ಏನೂ ಅಲ್ಲ. ಆದರೆ ಸಮಯ ತಿನ್ನುವುದು ಗಡಿಯಾಚೆಯ ದಾರಿಯಲ್ಲ, ಮಂಗಳೂರು ನಗರವನ್ನು ದಾಟುವ ಮೊದಲ ತುಂಡು: ಕೂಳೂರು ಸೇತುವೆ, ನಂತೂರು ವೃತ್ತ, ಪಂಪ್‌ವೆಲ್, ನೇತ್ರಾವತಿ ಸೇತುವೆ, ತೊಕ್ಕೊಟ್ಟು. ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮನ್ನು ತಡೆಯದೆ ಬಿಡುವುದಿಲ್ಲ. ತಲಪಾಡಿಯ ಟೋಲ್ ದಾಟಿ ಕಾಸರಗೋಡು ಜಿಲ್ಲೆಗೆ ಬಂದ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡಿರುವುದರಿಂದ ಮಂಜೇಶ್ವರ, ಉಪ್ಪಳ, ಕುಂಬಳೆ ಬಹುಬೇಗ ಹಿಂದೆ ಸರಿಯುತ್ತವೆ. ಈ ಹೊಸ ರಸ್ತೆಗೆ ಒಂದು ಕೆಟ್ಟ ಗುಣವಿದೆ: ಪಕ್ಕದ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ತಪ್ಪಿದರೆ ಮರಳಿ ತಿರುಗಲು ಬಹಳ ದೂರ ಹೋಗಬೇಕು. ಆದ್ದರಿಂದ ಮಂಗಳೂರಿನ ಒಳಗನ್ನು ಮಾತ್ರ ಬಲ್ಲ ಚಾಲಕನಿಗಿಂತ ಈ ಕಡೆಗೆ ಓಡಾಡಿ ಗೊತ್ತಿರುವವನನ್ನೇ ಕೇಳಿ ಪಡೆಯಿರಿ.

ಇನ್ನು ಬೇಕಲವೋ ದೇವಸ್ಥಾನವೋ ಎಂಬ ಪ್ರಶ್ನೆ. ದೂರದ್ದನ್ನು ಮೊದಲು ನೋಡಿ, ಹೊತ್ತು ಏರಿದಂತೆ ಹಡಗಿಗೆ ಹತ್ತಿರ ಹತ್ತಿರ ಬರುತ್ತಿರಬೇಕು ಎಂಬುದು ಹಡಗಿನ ಪ್ರಯಾಣಿಕರೆಲ್ಲ ಪಾಲಿಸುವ ನಿಯಮ, ಒಳ್ಳೆಯ ನಿಯಮ. ನಮ್ಮ ಊರಿನಲ್ಲಿ ಮಾತ್ರ ಅದು ದೇವಸ್ಥಾನದ ನಡೆಗೆ, ಅಂದರೆ ಗುಡಿಯ ಬಾಗಿಲಿಗೆ, ಹೋಗಿ ಮುಗ್ಗರಿಸುತ್ತದೆ. ಅನಂತಪುರದಲ್ಲಿಯೂ ಮಧೂರಿನಲ್ಲಿಯೂ ಮಧ್ಯಾಹ್ನದ ಪೂಜೆಯ ನಂತರ ನಡೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೆ, ಆಗ ನೀವು ಹಡಗಿನಲ್ಲಿರಬೇಕು. ಬೇಕಲವನ್ನು ಮೊದಲು ಮುಗಿಸಿ ಬಂದರೆ ಅನಂತಪುರಕ್ಕೆ ತಲುಪುವಾಗ ಒಂದು ಗಂಟೆ ದಾಟಿರುತ್ತದೆ. ಸರೋವರವನ್ನು ಹೊರಗಿನಿಂದ ನೋಡಬಹುದೇ ಹೊರತು ದರ್ಶನವಾಗುವುದಿಲ್ಲ. ಮೊದಲು ಅನಂತಪುರಕ್ಕೆ ಹೋದರೆ ಬೇಕಲಕ್ಕೆ ಮುಟ್ಟುವುದು ನಡು ಮಧ್ಯಾಹ್ನದಲ್ಲಿ, ಹೊರಡುವುದು ಎರಡು ಗಂಟೆಯ ಹೊತ್ತಿಗೆ, ಊಟ ಇನ್ನೂ ಆಗಿರುವುದಿಲ್ಲ. ಎಲ್ಲವೂ ಸುಸೂತ್ರವಾದರೆ ನಾಲ್ಕೂವರೆಗೆ ಬಂದರು ಸೇರುತ್ತೀರಿ. ಒಂದು ಟಯರು ಪಂಕ್ಚರ್ ಆದರೂ ಎದೆ ಹೊಡೆದುಕೊಳ್ಳತೊಡಗುವಂಥ ಯೋಜನೆ ಅದು, ಎಪ್ಪತ್ತು ದಾಟಿದವರನ್ನು ಕೂರಿಸಿಕೊಂಡು ಹಾಗೆ ಓಡುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ, ತಾಯಿಯವರಿಗಾಗಿ, ದೇವಸ್ಥಾನಗಳ ದಾರಿಯನ್ನೇ ಹಿಡಿಯುತ್ತಿದ್ದೆ. ಬಂದರಿನಿಂದ ನೇರ ಕುಂಬಳೆಗೆ ಬಂದು ಅನಂತಪುರಕ್ಕೆ ತಿರುಗಿದರೆ ಹನ್ನೊಂದರೊಳಗೆ ಅಲ್ಲಿರುತ್ತೀರಿ. ಸುತ್ತ ಮುರಕಲ್ಲಿನ ಬೋಳು ಪಾರೆ, ತಗ್ಗಿನಲ್ಲಿ ಸರೋವರ, ಸರೋವರದ ನಡುವೆ ಗರ್ಭಗುಡಿ, ಅದಕ್ಕೊಂದು ಕಿರುಸೇತುವೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎಂಬುದು ಇಲ್ಲಿಯ ನಂಬಿಕೆ. ಇಲ್ಲಿಯ ಮೂಲ ಮೂರ್ತಿಗಳು ಕಲ್ಲಿನವಾಗಿರಲಿಲ್ಲ, ಲೋಹದವೂ ಆಗಿರಲಿಲ್ಲ. ಹಲವಾರು ದ್ರವ್ಯಗಳನ್ನು ಕೂಡಿಸಿದ ಕಡುಶರ್ಕರ ಪಾಕದಿಂದ ರೂಪಿಸಿದವಾಗಿದ್ದವು. ನೈವೇದ್ಯದ ಅನ್ನವನ್ನು ತಿನ್ನುತ್ತಿದ್ದ ಬಬಿಯಾ ಎಂಬ ಮೊಸಳೆಯ ಕಥೆಯನ್ನು ನೀವೂ ಕೇಳಿರುತ್ತೀರಿ. ಅದು 2022ರ ಅಕ್ಟೋಬರಿನಲ್ಲಿ ಅಸುನೀಗಿತು, ಮರುವರ್ಷ ಇನ್ನೊಂದು ಮೊಸಳೆ ಸರೋವರದಲ್ಲಿ ಕಾಣಿಸಿಕೊಂಡಿತು. ಅದು ನಿಮಗೆ ಕಾಣಿಸುತ್ತದೆಂದು ಯಾರಾದರೂ ಮಾತುಕೊಟ್ಟರೆ ನಂಬಬೇಡಿ. ಗಂಡಸರು ಅಂಗಿ ಕಳಚಬೇಕು. ಚಪ್ಪಲಿ ಬಿಟ್ಟು ಮುರಕಲ್ಲಿನ ಮೇಲೆ ನಡೆಯಬೇಕಾದುದರಿಂದ ಬಿಸಿಲೇರುವ ಮುನ್ನವೇ ಹೋಗುವುದು ವಯಸ್ಸಾದವರ ಕಾಲಿಗೆ ಹಿತ.

ಅಲ್ಲಿಂದ ಮಧೂರಿಗೆ ಅರ್ಧ ಗಂಟೆ. ಮಧುವಾಹಿನಿ ಹೊಳೆಯ ದಡದಲ್ಲಿರುವ ಈ ದೇವಸ್ಥಾನದ ಪ್ರಧಾನ ದೇವರು ಮದನಂತೇಶ್ವರನಾದರೂ ಜನ ಬರುವುದು ಗಣಪತಿಗಾಗಿ, ಗಣಪತಿಯ ಅಪ್ಪ ಪ್ರಸಾದಕ್ಕಾಗಿ ಎಂದರೂ ತಪ್ಪಿಲ್ಲ. ಗಜಪೃಷ್ಠ ಆಕಾರದ ಮೂರು ನೆಲೆಯ ಗುಡಿಯನ್ನು ಹಿಂಬದಿಯಿಂದ, ಆನೆಯ ಬೆನ್ನು ಕಾಣುವ ಕಡೆಯಿಂದ, ನಿಂತು ನೋಡಲು ಐದು ನಿಮಿಷ ಇಟ್ಟುಕೊಳ್ಳಿ. ಸಾಲಿನಲ್ಲಿ ನಿಂತು ಹೊರಬಂದವರು ಅದನ್ನು ನೋಡದೆಯೇ ಹೋಗುತ್ತಾರೆ. ಕಾಸರಗೋಡು ಪೇಟೆಯಲ್ಲಿ ಊಟ ಮಾಡಿ ಒಂದೂವರೆಗೆ ಹೊರಟರೆ, ಮರಳುವ ದಾರಿಯಲ್ಲಿ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಗೂ ಹೊತ್ತು ಉಳಿಯುತ್ತದೆ. ಮದರಾಸು ಸರಕಾರ 1949ರಲ್ಲಿ ರಾಷ್ಟ್ರಕವಿ ಎಂದು ಗೌರವಿಸಿದ ಆ ಮಹನೀಯರು ಬಾಳಿ ಬದುಕಿದ ಆ ಮನೆ ಈಗ ಸ್ಮಾರಕವಾಗಿದೆ. ಕನ್ನಡ ಓದುವವರು ಅದರ ಮುಂದಿನಿಂದ ಕಾರು ನಿಲ್ಲಿಸದೆ ಹೋಗುವುದು ನನಗಂತೂ ಸರಿಕಾಣದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಬಗ್ಗೆ ನಾನು ಬರೆಯತೊಡಗಿದರೆ ಇದು ಮುಗಿಯುವುದಿಲ್ಲವಾದ್ದರಿಂದ ಅದನ್ನು ಬಿಡುತ್ತೇನೆ.

ಇಷ್ಟು ಹೇಳಿದ ಮೇಲೂ ನಿಮ್ಮ ಮನಸ್ಸು ಕೋಟೆಯ ಮೇಲೆಯೇ ಇದ್ದರೆ ಅದನ್ನೊಂದನ್ನೇ ಇಟ್ಟುಕೊಂಡು ಹೋಗಿ. ಆಗ ಹೊತ್ತಿನ ಚಿಂತೆಯಿಲ್ಲ. ಹನ್ನೊಂದೂವರೆಗೆ ತಲುಪಿ, ಒಂದು ಗಂಟೆ ಸುತ್ತಾಡಿ, ಊಟ ಮಾಡಿ ಹೊರಟರೂ ನಾಲ್ಕರೊಳಗೆ ಪಣಂಬೂರು. ಕಾಸರಗೋಡಿನಿಂದ ಹೆದ್ದಾರಿಯನ್ನು ಬಿಟ್ಟು ಚಂದ್ರಗಿರಿ ಸೇತುವೆಯ ಮೂಲಕ ಮೇಲ್ಪರಂಬ, ಉದುಮದ ಕರಾವಳಿ ರಸ್ತೆಯಲ್ಲಿ ಹೋಗಲು ಹೇಳಿ. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನಿಂದ ಹೇಳಿಕೊಂಡು ಬಂದ ಹೊಳೆ ಅದು, ಅದನ್ನು ದಾಟಿದ ಮೇಲೆ ಅಂಗಡಿಯವರ ಮಾತು ಮಲಯಾಳವೇ. ಕೇರಳದ ಅತಿ ದೊಡ್ಡ ಕೋಟೆ ಎಂದು ನಿಮಗೆ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು: ಸುಮಾರು 40 ಎಕರೆ. ಅದನ್ನು 1650ರ ಸುಮಾರಿಗೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, ಅದು ಟಿಪ್ಪುವಿನ ಕೈಸೇರಿ, 1799ರ ನಂತರ ಇಂಗ್ಲಿಷರ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದು, 1956ರಲ್ಲಿ ನಮ್ಮೆಲ್ಲರ ಜೊತೆಗೆ ಕೇರಳಕ್ಕೆ ಸೇರಿತು ಎಂಬುದನ್ನು ನಿಮ್ಮ ತಾಯಿಯವರಿಗೆ ನೀವೇ ಹೇಳಬೇಕಾದೀತು. ಒಳಗೆ ಅರಮನೆ ಅಂತಃಪುರ ಹುಡುಕಬೇಡಿ, ಇದು ಬರಿಯ ಕಾವಲಿನ ಕೋಟೆ. ಸಮುದ್ರದ ಕಡೆಯ ಕೊತ್ತಳದಲ್ಲಿ ಗುಂಡಿನ ಕಿಂಡಿಗಳ ಓರೆಯನ್ನು ಗಮನಿಸಿ: ದೂರದ ಗುರಿಗೊಂದು, ನಡುವಿನದಕ್ಕೊಂದು, ಗೋಡೆಯ ಬುಡಕ್ಕೆ ಬಂದವನಿಗೊಂದು. ನಡುವಿನ ಕಾವಲು ಬುರುಜಿಗೆ ಮೆಟ್ಟಿಲ ಬದಲು ಅಗಲವಾದ ಇಳಿಜಾರು ಇರುವುದರಿಂದ ವಯಸ್ಸಾದವರೂ ನಿಧಾನವಾಗಿ ಹತ್ತಬಹುದು, ಆದರೆ ನೆರಳು ತೀರ ಕಡಿಮೆ; ಕೊಡೆ, ನೀರು ಮರೆಯಬೇಡಿ. ಪುರಾತತ್ವ ಇಲಾಖೆಯ ಟಿಕೆಟ್ಟು ವಿದೇಶಿ ಪಾಸ್‌ಪೋರ್ಟಿನವರಿಗೆ ಹಲವು ಪಟ್ಟು ಹೆಚ್ಚು.

ಹಡಗಿನವರ ಪಟ್ಟಿಯಲ್ಲಿರುವ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳು, ಗೋಡಂಬಿ ಕಾರ್ಖಾನೆ ಇವು ಕೆಟ್ಟವೇನೂ ಅಲ್ಲ. ಬಸ್ಸಿನ ಗುಂಪಿನೊಡನೆ ಹೋಗಲು ಅಡ್ಡಿಯಿಲ್ಲದವರಿಗೆ ಅವೇ ಸಾಕು. ಆ ಪಟ್ಟಿ ತಲಪಾಡಿಯನ್ನು ದಾಟಿ ಬರುವುದು ಅಪರೂಪ, ಖಾಸಗಿ ಕಾರಿನ ಪ್ರಯೋಜನ ಇರುವುದೂ ಅಲ್ಲಿಯೇ.

ಕಾರನ್ನು ಗೊತ್ತುಮಾಡುವಾಗ ಹಳದಿ ಫಲಕದ ಪ್ರವಾಸಿ ಟ್ಯಾಕ್ಸಿಯೇ ಆಗಿರಲಿ, ಕೇರಳದೊಳಗೆ ಹೋಗಲು ಬೇಕಾದ ಪರವಾನಗಿ ಇದೆಯೇ ಎಂದು ನೇರವಾಗಿ ಕೇಳಿ. ಯಾರದೋ ಸ್ವಂತ ಕಾರನ್ನು ಕಡಿಮೆ ಬಾಡಿಗೆಗೆ ತರುತ್ತೇನೆ ಎನ್ನುವವರು ಸಿಗುತ್ತಾರೆ. ತಪಾಸಣೆಯಲ್ಲಿ ಅದನ್ನು ನಿಲ್ಲಿಸಿದರೆ ದಂಡ ಅವನದಾದರೂ ಹೋಗುವ ಹೊತ್ತು ನಿಮ್ಮದು. ಬಾಡಿಗೆಯಲ್ಲಿ ಟೋಲ್, ಗಡಿಯ ತೆರಿಗೆ, ಕಾಯುವ ಸಮಯ, ಚಾಲಕನ ಭತ್ಯೆ ಎಲ್ಲ ಸೇರಿದೆಯೇ ಎಂಬುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಪಾಸ್‌ಪೋರ್ಟಿನ ಪ್ರತಿ, ಹಡಗಿನ ಕಾರ್ಡು, ದಿನಚರಿ ಪತ್ರದಲ್ಲಿ ಮುದ್ರಿಸಿರುವ ಬಂದರು ಏಜೆಂಟರ ದೂರವಾಣಿ ಸಂಖ್ಯೆ ಇವು ಮೂರೂ ನಿಮ್ಮ ಬಳಿ ಇರಲಿ. ತಡವಾಗುವ ಸೂಚನೆ ಕಂಡ ಕೂಡಲೇ, ತಡವಾದ ಮೇಲಲ್ಲ, ಆ ಸಂಖ್ಯೆಗೆ ಕರೆಮಾಡಬೇಕು. ಹೆದ್ದಾರಿ ಎಲ್ಲಾದರೂ ಕಟ್ಟಿಕೊಂಡರೆ ಕಾಸರಗೋಡು ನಿಲ್ದಾಣದಿಂದ ಮಂಗಳೂರಿಗೆ ರೈಲು ಸಿಗುತ್ತದೆ, ಅದು ಆಪತ್ತಿಗೆ ಮಾತ್ರ.

ಮುಂಗಡದ ಬಗ್ಗೆ: ಪೂರ್ತಿ ಹಣವನ್ನು ಮೊದಲೇ ಕೇಳುವವರನ್ನು ಬಿಟ್ಟುಬಿಡಿ, ಸ್ವಲ್ಪ ಮುಂಗಡ ಕೇಳುವುದು ನ್ಯಾಯವೇ. ಹವಾಮಾನದಿಂದಲೋ ಬೇರೆ ಕಾರಣದಿಂದಲೋ ಹಡಗು ಮಂಗಳೂರನ್ನು ಬಿಟ್ಟು ಮುಂದೆ ಹೋಗುವುದುಂಟು. ಹಾಗಾದರೆ ಮುಂಗಡವನ್ನು ಹಿಂದಿರುಗಿಸುತ್ತಾರೆಯೇ ಎಂಬ ಒಂದು ಸಾಲನ್ನೂ ಆ ವಾಟ್ಸಾಪ್ ಮಾತುಕತೆಯಲ್ಲಿಯೇ ಸೇರಿಸಿಕೊಳ್ಳಿ, ಉಳಿದ ಹಣವನ್ನು ಸಂಜೆ ಬಂದರಿನ ಬಾಗಿಲಲ್ಲಿ ಇಳಿದ ಮೇಲೆ ರೂಪಾಯಿಯಲ್ಲಿಯೇ ಕೊಡಿ.