ಯುದ್ಧ ಗೆದ್ದಾಯ್ತು, ಸಾಲ ತೀರಿಸೋರು ಯಾರು?

ಪ್ರಶ್ನೆ: ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿ ಸರಣಿಯ ಮೊದಲ ಮೂರು ಪುಸ್ತಕ ನಿದ್ದೆಗೆಟ್ಟು ಓದಿದೆ. ನಾಲ್ಕನೆಯದು, ‘ಎ ಫೀಸ್ಟ್ ಫಾರ್ ಕ್ರೋಸ್’, ಅರ್ಧಕ್ಕೂ ಮುಂಚೆ ನಿಂತುಬಿಟ್ಟಿದೆ. ನನ್ನ ನೆಚ್ಚಿನ ಪಾತ್ರಗಳಾದ ಟಿರಿಯನ್ ಇಲ್ಲ, ಡೆನೇರಿಸ್ ಇಲ್ಲ, ದೊಡ್ಡ ಯುದ್ಧವೂ ಇಲ್ಲ. ಮುಂದುವರಿಸಲೋ, ಬಿಡಲೋ?

ಉತ್ತರ: ಮುಂದುವರಿಸಿ. ಟಿರಿಯನ್‌ಗಾಗಿ ಕಾಯುವುದನ್ನು ಮಾತ್ರ ಬಿಟ್ಟುಬಿಡಿ, ಅವನು ಈ ಪುಸ್ತಕದಲ್ಲಿ ಬರುವುದೇ ಇಲ್ಲ. ಮೂರನೆಯ ಪುಸ್ತಕ 2000ರಲ್ಲಿ ಬಂತು. ಅದಾದ ಮೇಲೆ ಕಥೆಯನ್ನು ಐದು ವರ್ಷ ಮುಂದಕ್ಕೆ ಹಾರಿಸಬೇಕು ಅಂತ ಮಾರ್ಟಿನ್ ಯೋಚಿಸಿದ್ದರು. ಸರಿಹೋಗಲಿಲ್ಲ, ಕೈಬಿಟ್ಟರು. ಬರೆಯುತ್ತಾ ಹೋದಂತೆ ಹಸ್ತಪ್ರತಿ ಒಂದು ಪುಸ್ತಕಕ್ಕೆ ಹಿಡಿಯದಷ್ಟು ಬೆಳೆಯಿತು. ಆಗ ಎಲ್ಲರ ಅರ್ಧ ಕಥೆ ಹೇಳುವ ಬದಲು ಅರ್ಧ ಜನರ ಪೂರ್ತಿ ಕಥೆ ಹೇಳೋಣ ಅಂತ ತೀರ್ಮಾನಿಸಿ 2005ರಲ್ಲಿ ಇದನ್ನು ಹೊರತಂದರು. ಉಳಿದವರ ಕಥೆಗೆ ಓದುಗರು 2011ರವರೆಗೆ ಕಾಯಬೇಕಾಯಿತು. ನೀವು ಪುಣ್ಯವಂತರು, ಐದನೆಯದು ಕೈಗೆ ಸಿಗುತ್ತದೆ.

ಇನ್ನು ಯುದ್ಧ ಇಲ್ಲ ಅನ್ನುವ ದೂರು. ಈ ಪುಸ್ತಕದ ವಿಷಯವೇ ಅದು ಅಲ್ವಾ? ಐದು ರಾಜರ ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ಗೆದ್ದ ಮನೆತನದ ಯಜಮಾನ ಟೈವಿನ್ ಸತ್ತಿದ್ದಾನೆ, ಬೆಳೆ ಸುಟ್ಟುಹೋಗಿದೆ, ಚಳಿಗಾಲ ಬರುತ್ತಿದೆ, ಸಿಂಹಾಸನದ ಮೇಲೆ ಕೂತಿರುವುದು ಒಬ್ಬ ಚಿಕ್ಕ ಹುಡುಗ. ಈಗ ಆಳುವವರು ಯಾರು, ದುಡ್ಡು ಎಲ್ಲಿಂದ?

ನಮ್ಮಲ್ಲೂ ಮಹಾಭಾರತ ಅಂದರೆ ದುರ್ಯೋಧನನ ತೊಡೆ ಮುರಿಯುವವರೆಗೆ ಓದಿ ಪುಸ್ತಕ ಮುಚ್ಚುವವರೇ ಜಾಸ್ತಿ. ಕುಮಾರವ್ಯಾಸನೇ ಗದಾಪರ್ವಕ್ಕೆ ನಿಲ್ಲಿಸಿದ, ಉಳಿದ ಪರ್ವಗಳನ್ನು ಮುಂದೆ ತಿಮ್ಮಣ್ಣ ಕವಿ ಬರೆದು ಮುಗಿಸಬೇಕಾಯಿತು. ಆದರೆ ವ್ಯಾಸಭಾರತದಲ್ಲಿ ಗೆದ್ದ ಧರ್ಮರಾಯ ‘ನನಗೆ ಈ ರಾಜ್ಯ ಬೇಡ’ ಅಂತ ಕೂತುಬಿಡುವುದು ಯುದ್ಧ ಮುಗಿದ ಮೇಲೆಯೇ. ತಮ್ಮಂದಿರು, ದ್ರೌಪದಿ, ಕೃಷ್ಣ, ವ್ಯಾಸ, ಎಲ್ಲರೂ ಸೇರಿ ಅವನನ್ನು ಒಪ್ಪಿಸಬೇಕಾಗುತ್ತದೆ. ಆಮೇಲೆ ಅಶ್ವಮೇಧ ಮಾಡು ಅಂದರೆ ಕೈಯಲ್ಲಿ ಕಾಸಿಲ್ಲ. ಅಪ್ಪಂದಿರನ್ನು ಕಳೆದುಕೊಂಡ ಎಳೆಯ ರಾಜರ ಹತ್ತಿರ ಕೇಳುವುದಕ್ಕೆ ಅವನಿಗೆ ಮನಸ್ಸಿಲ್ಲ. ಮರುತ್ತ ಎಂಬ ರಾಜ ಹಿಮಾಲಯದಲ್ಲಿ ಬಿಟ್ಟುಹೋದ ಚಿನ್ನ ಇದೆ, ಹೋಗಿ ತಾ ಅಂತ ವ್ಯಾಸರೇ ದಾರಿ ತೋರಿಸುತ್ತಾರೆ. ಮಾರ್ಟಿನ್ ಕಥೆಯಲ್ಲಿ ಅಂಥ ಚಿನ್ನದ ರಾಶಿ ಇಲ್ಲ, ಸಾಲ ಕೊಟ್ಟ ಬ್ಯಾಂಕ್ ಇದೆ!

ಪ್ರಶ್ನೆ: ಪುಸ್ತಕ ಪೂರ್ತಿ ಓದಿದೆ. ಟೈವಿನ್ ಮಗಳು, ಬಾಲರಾಜನ ಹೆಸರಲ್ಲಿ ಆಳುವ ತಾಯಿ ಸೆರ್ಸೀ ಇಷ್ಟು ದಡ್ಡಿ ಆಗಿದ್ದು ಯಾವಾಗ? ಮೊದಲು ಚುರುಕಾಗಿದ್ದಳಲ್ಲ!

ಉತ್ತರ: (ಓದಿ ಮುಗಿಸದವರು ಇದನ್ನು ಹಾರಿಸಿ ಮುಂದೆ ಹೋಗಿ.) ಮೊದಲ ಮೂರು ಪುಸ್ತಕಗಳಲ್ಲಿ ಅವಳನ್ನು ಬೇರೆಯವರ ಕಣ್ಣಿಂದ ನೋಡಿದ್ದಿರಿ. ಇಲ್ಲಿ ಮೊದಲ ಸಲ ಅವಳ ತಲೆಯೊಳಗೆ ಕೂರುತ್ತೀರಿ. ಅಲ್ಲಿಂದ ನೋಡಿದರೆ ಪ್ರತಿಯೊಂದು ತೀರ್ಮಾನವೂ ಜಾಣತನದ್ದೇ. ಬ್ರಾವೋಸ್‌ನ ಐರನ್ ಬ್ಯಾಂಕ್‌ಗೆ ಕಂತು ಕಟ್ಟುವುದನ್ನು ನಿಲ್ಲಿಸುತ್ತಾಳೆ, ಬಂಡಾಯ ಅಡಗಿದ ಮೇಲೆ ನೋಡೋಣ ಅಂತ, ಆ ದುಡ್ಡಲ್ಲಿ ಹಡಗು ಕಟ್ಟಿಸುತ್ತಾಳೆ. ಬ್ಯಾಂಕ್ ಸುಮ್ನೆ ಕೂರುತ್ತದಾ? ಊರಿನ ವ್ಯಾಪಾರಿಗಳಿಗೆ ಕೊಟ್ಟ ಸಾಲವನ್ನೆಲ್ಲ ವಾಪಸ್ ಕೇಳುತ್ತದೆ, ಹೊಸ ಸಾಲ ಕೊಡುವುದಿಲ್ಲ. ವ್ಯಾಪಾರ ಮಕಾಡೆ ಮಲಗುತ್ತದೆ.

ಅದಕ್ಕಿಂತ ದೊಡ್ಡ ಎಡವಟ್ಟು ಧರ್ಮಪೀಠದ ಜೊತೆ ಮಾಡಿಕೊಂಡ ಒಪ್ಪಂದ. ರಾಜಮನೆತನ ಅವರಿಗೆ ಕೊಡಬೇಕಾದ ಸಾಲ ಒಂಬತ್ತು ಲಕ್ಷ ಚಿನ್ನದ ನಾಣ್ಯಕ್ಕೂ ಜಾಸ್ತಿ. ಹೊಸ ಧರ್ಮಗುರು ಬರಿಗಾಲಲ್ಲಿ ನಡೆಯುವ ಬಡವ, ಅವನನ್ನು ಯಾಮಾರಿಸುವುದು ಸುಲಭ ಅಂತ ಇವಳ ಲೆಕ್ಕ. ಸಾಲ ಮನ್ನಾ ಮಾಡು, ನಿನ್ನ ಭಕ್ತರು ಮತ್ತೆ ಆಯುಧ ಹಿಡಿಯಬಹುದು ಅನ್ನುತ್ತಾಳೆ. ಖುಷಿಯಿಂದಲೇ ಹಿಂತಿರುಗುತ್ತಾಳೆ, ದಾರಿಯಲ್ಲಿ ಬೀಗುತ್ತಾಳೆ ಕೂಡ. ಕೊನೆಗೆ ಅದೇ ಭಕ್ತರು ಅವಳನ್ನೇ ಹಿಡಿದು ಕೂಡಿಹಾಕುತ್ತಾರೆ. ಇದು ದಡ್ಡತನ ಅಂತ ನನಗನ್ನಿಸುವುದಿಲ್ಲ. ಅಪ್ಪನಂತೆ ಹೆದರಿಸಿ ಆಳಬಹುದು ಅಂದುಕೊಂಡಳು. ಅಪ್ಪನ ಬೆನ್ನಿಗಿದ್ದ ಸೈನ್ಯ, ಹಣ, ನಂಬಿಕಸ್ಥರು ಒಬ್ಬೊಬ್ಬರಾಗಿ ಖಾಲಿಯಾಗುತ್ತಿರುವುದನ್ನು ನೋಡಲಿಲ್ಲ, ಅಥವಾ ತಾನೇ ದೂರ ಮಾಡಿದಳು.

ಪ್ರಶ್ನೆ: ಇತಿಹಾಸದಲ್ಲಿ ಹೀಗೆಲ್ಲ ನಡೆದಿದೆಯಾ?

ಉತ್ತರ: ಮಾರ್ಟಿನ್‌ಗೆ ಸ್ಫೂರ್ತಿ ಕೊಟ್ಟ ಇಂಗ್ಲೆಂಡಿನ ‘ಗುಲಾಬಿಗಳ ಯುದ್ಧ’ವನ್ನೇ ನೋಡಿ, ಸಿಂಹಾಸನಕ್ಕಾಗಿ ಎರಡು ರಾಜಮನೆತನಗಳು ಹೊಡೆದಾಡಿದ್ದು. 1485ರಲ್ಲಿ ಬಾಸ್‌ವರ್ತ್‌ನಲ್ಲಿ ಗೆದ್ದು ಏಳನೇ ಹೆನ್ರಿ ರಾಜನಾದ. ಮರುವರ್ಷ ಎದುರಾಳಿ ಮನೆತನದ ಎಲಿಜಬೆತ್‌ಳನ್ನೇ ಮದುವೆಯಾದ. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1487ರಲ್ಲಿ ಲ್ಯಾಂಬರ್ಟ್ ಸಿಮ್ನೆಲ್ ಎಂಬ ಹುಡುಗನನ್ನು ರಾಜವಂಶದವನೆಂದು ಮುಂದಿಟ್ಟುಕೊಂಡು ಇನ್ನೊಂದು ಸೈನ್ಯ ಬಂತು. ಹೆನ್ರಿ ಸೋಲಿಸಿದ, ಹುಡುಗನನ್ನು ಕೊಲ್ಲದೆ ಅರಮನೆಯ ಅಡುಗೆಮನೆಗೆ ಕೆಲಸಕ್ಕೆ ಹಾಕಿದ. ಆಮೇಲೆ ಪರ್ಕಿನ್ ವಾರ್‌ಬೆಕ್ ಬಂದ, ಕಳೆದುಹೋದ ರಾಜಕುಮಾರ ನಾನೇ ಅಂತ. ಅವನನ್ನು 1499ರಲ್ಲಿ ಗಲ್ಲಿಗೇರಿಸಿದರು. ಈ ನಡುವೆ ಹೆನ್ರಿ ದೊಡ್ಡ ದೊಡ್ಡ ಜಮೀನ್ದಾರರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದ: ಬಾಲ ಬಿಚ್ಚಿದರೆ ಇಷ್ಟು ಹಣ ಕಟ್ಟಬೇಕು. ಸೆರ್ಸೀ ಇವನ ಹತ್ತಿರ ಪಾಠಕ್ಕೆ ಕೂರಬೇಕಿತ್ತು.

ಪ್ರಶ್ನೆ: ಯೋಧೆ ಬ್ರಿಯೆನ್ ಸುಮ್ನೆ ಊರೂರು ಅಲೆಯುತ್ತಾಳೆ. ಆ ಅಧ್ಯಾಯಗಳನ್ನು ಬಿಟ್ಟರೆ ನಷ್ಟ ಏನು?

ಉತ್ತರ: ಮೆರಿಬಾಲ್ಡ್ ತಪ್ಪಿಹೋಗುತ್ತಾನೆ. ಕತ್ತೆ, ನಾಯಿ ಜೊತೆಗೆ ಬರಿಗಾಲಲ್ಲಿ ಹಳ್ಳಿ ಸುತ್ತುವ ಪೂಜಾರಿ. ಸೈನ್ಯ ಬಿಟ್ಟು ಓಡಿಬಂದವರೆಲ್ಲ ದರೋಡೆಕೋರರೇನಾ ಅಂತ ಹುಡುಗ ಪಾಡ್ರಿಕ್ ಕೇಳುತ್ತಾನೆ. ಹೆಚ್ಚುಕಡಿಮೆ ಹೌದು ಅನ್ನುತ್ತಾಳೆ ಬ್ರಿಯೆನ್. ಮುದುಕ ಒಪ್ಪುವುದಿಲ್ಲ. ಊರಾಚೆ ಕಾಲಿಡದ ಹುಡುಗರು ಹಾಡಿಕೊಂಡು ಯುದ್ಧಕ್ಕೆ ಹೋಗುತ್ತಾರೆ, ಅಕ್ಕಪಕ್ಕದವರು ಸಾಯುತ್ತಾರೆ, ಒಡೆಯನೂ ಸಾಯುತ್ತಾನೆ, ತಾವು ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಬೂಟು ಬೇಕೆಂದರೆ ಹೆಣದ ಕಾಲಿಂದ ಬಿಚ್ಚಬೇಕು, ಸ್ವಲ್ಪ ದಿನಕ್ಕೆ ಬದುಕಿದ್ದವರಿಂದಲೂ ಕಿತ್ತುಕೊಳ್ಳುತ್ತಾರೆ. ಎರಡೇ ಪುಟದ ಮಾತು. ಇಡೀ ಸರಣಿಯಲ್ಲಿ ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ಪ್ರಶ್ನೆ: ನಾಲ್ಕು, ಐದನೆಯ ಪುಸ್ತಕ ಬೆರೆಸಿ ಓದಬಹುದಂತೆ. ಹೌದಾ?

ಉತ್ತರ: ಓದಬಹುದು. ಐದನೆಯದರ ಮೊದಲರ್ಧ ನಾಲ್ಕನೆಯದರ ಕಾಲದಲ್ಲೇ ನಡೆಯುತ್ತದೆ. ಅಧ್ಯಾಯಗಳನ್ನು ಹೇಗೆ ಹೆಣೆಯಬೇಕು ಅಂತ ಅಭಿಮಾನಿಗಳು ಮಾಡಿದ ಪಟ್ಟಿಗಳೂ ಇವೆ. ಮೊದಲ ಓದಿಗೆ ಬೇಡ, ಎರಡನೇ ಸಲಕ್ಕೆ ಇಟ್ಟುಕೊಳ್ಳಿ.