50 ದಾಟಿದವರ ಕ್ಯಾಚ್-ಅಪ್ ಹಣ 401ಕೆ ಮಿತಿಯೊಳಗೇ ಬರುತ್ತದೆಯೇ?

ಇಲ್ಲ, ಮಿತಿಯ ಮೇಲೆ ಹೆಚ್ಚುವರಿ. ಅಮೆರಿಕದಲ್ಲಿ 2026ಕ್ಕೆ ಸಂಬಳದಿಂದ 401ಕೆಗೆ, ಅಂದರೆ ಕಂಪನಿಯ ಮೂಲಕ ನಡೆಯುವ ನಿವೃತ್ತಿ ಉಳಿತಾಯದ ಪ್ಲಾನಿಗೆ, ಹಾಕಬಹುದಾದದ್ದು 24,500 ಡಾಲರ್. ಡಿಸೆಂಬರ್ 31ರೊಳಗೆ 50 ತುಂಬುವವರು, ಪ್ಲಾನಿನಲ್ಲಿ ಅವಕಾಶವಿದ್ದರೆ, ಜನವರಿಯಿಂದಲೇ ಇನ್ನೂ 8,000 ಹಾಕಬಹುದು; ಇದೇ ಕ್ಯಾಚ್-ಅಪ್. 60ರಿಂದ 63ರವರಿಗೆ ಅದು 11,250. 64 ತುಂಬುವ ವರ್ಷ ಮತ್ತೆ 8,000ದ ಲೆಕ್ಕವೇ. ಕಂಪನಿಯ ಪಾಲೂ ಸೇರಿದ ಒಟ್ಟು ಮಿತಿ 72,000. ಕ್ಯಾಚ್-ಅಪ್ ಅದಕ್ಕೂ ಹೊರಗೆ.

ಎಡವಟ್ಟಾಗುವುದು ನಡುವರ್ಷ ಕೆಲಸ ಬದಲಿಸಿದಾಗ. ಸಂಬಳದಿಂದ ಹಾಕುವ ಮಿತಿ ವ್ಯಕ್ತಿಗೆ, ಪ್ಲಾನಿಗಲ್ಲ. ಹಳೆಯ ಕಡೆ ಎಷ್ಟು ಕಟ್ಟಿದ್ದೀರೆಂದು ಹೊಸ ಪೇರೋಲ್‌ನವರಿಗೆ ಗೊತ್ತಿರುವುದಿಲ್ಲ, ನೀವೇ ಹೇಳಬೇಕು. ಹೆಚ್ಚಾದದ್ದನ್ನು ಮುಂದಿನ ಏಪ್ರಿಲ್ 15ರೊಳಗೆ ವಾಪಸ್ ತೆಗೆಯದಿದ್ದರೆ ಒಂದೇ ಹಣಕ್ಕೆ ಎರಡು ಸಲ ತೆರಿಗೆ.

2025ರಲ್ಲಿ ಅದೇ ಕಂಪನಿಯಿಂದ 1,50,000 ಡಾಲರ್‌ಗಿಂತ ಹೆಚ್ಚು ಸಂಬಳ ಪಡೆದವರ ಕ್ಯಾಚ್-ಅಪ್ ಈಗ ರಾಥ್ ಖಾತೆಗೇ (ಮೊದಲೇ ತೆರಿಗೆ ಕಟ್ಟಿದ ಹಣ ಹಾಕುವ ಖಾತೆ) ಹೋಗಬೇಕು. ಪ್ಲಾನಿನಲ್ಲಿ ರಾಥ್ ಇಲ್ಲದಿದ್ದರೆ ಅವರಿಗೆ ಕ್ಯಾಚ್-ಅಪ್ಪೇ ಇಲ್ಲ.